ಒಳಕ್ಕೆ ತಿರುಗುವ ಚೆಂಡು: ಸ್ಕ್ರೂಬಾಲ್ ಎಸೆಯುವ ಹುಡುಗ ಕಾಲೇಜು ತಂಡ ಸೇರುವವರೆಗೆ

ನವೆಂಬರ್ 2025ರಲ್ಲಿ ಮಗ ಎರಡು ವರ್ಷದ ಕಾಲೇಜೊಂದರ ಬೇಸ್‌ಬಾಲ್ ತಂಡಕ್ಕೆ ಸಹಿ ಹಾಕಿದ. ಜುಲೈ 2023ರಲ್ಲಿ ಮೊದಲ ಸಲ ಅವನ ಚೆಂಡನ್ನು ಯಂತ್ರದ ಮುಂದೆ ಅಳೆಸಿದ ದಿನದಿಂದ ಲೆಕ್ಕ ಹಾಕಿದರೆ ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ಅಮೆರಿಕದ ಡಲ್ಲಾಸ್ ಸುತ್ತಮುತ್ತ ಕನ್ನಡದ ಮನೆಗಳು ಸಾಕಷ್ಟಿವೆ. ಮಕ್ಕಳನ್ನು ಬೇಸ್‌ಬಾಲ್‌ಗೆ ಹಾಕಿದವರೂ ಈಗೀಗ ಹೆಚ್ಚುತ್ತಿದ್ದಾರೆ. ಆದರೆ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವ) ಆಗಹೊರಟ ಹುಡುಗನ ಕಾಗದಪತ್ರ, ಮೊಣಕೈ, ವೀಸಾ ಮೂರನ್ನೂ ಒಟ್ಟಿಗೆ ಸಂಭಾಳಿಸಿದವರು ಕೇಳಲು ಸಿಗಲಿಲ್ಲ. ಈ ದಾರಿಯಲ್ಲಿ ಬರುವವರಿಗೆ ಇರಲಿ ಎಂದು ಎಲ್ಲವನ್ನೂ ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಚೆಂಡಿನ ವಿಷಯ. ಬಲಗೈ ಪಿಚರ್‌ನ ಕರ್ವ್, ಸ್ಲೈಡರ್ ಎಂಬ ತಿರುಗುವ ಚೆಂಡುಗಳೆರಡೂ ಬಲಗೈ ಬ್ಯಾಟರ್‌ನಿಂದ ದೂರ ಹೋಗುತ್ತವೆ, ನಮ್ಮ ಲೆಗ್ ಬ್ರೇಕ್ ಹಾಗೆ. ಸ್ಕ್ರೂಬಾಲ್ ಇದಕ್ಕೆ ತಿರುಗುಮುರುಗು: ಬಲಗೈಯವನ ಕಡೆಗೆ ಒಳಕ್ಕೆ ಬಂದು ಕೆಳಗಿಳಿಯುತ್ತದೆ. ನೆಲ ಮುಟ್ಟಿ ತಿರುಗುವುದಲ್ಲ, ಗಾಳಿಯಲ್ಲೇ ಬಾಗುತ್ತದೆ. ಕ್ರಿಕೆಟ್ ಬಲ್ಲವರಿಗೆ ಹೀಗೆ ಹೇಳಿದರೆ ಬೇಗ ತಿಳಿಯುತ್ತದೆ: ದಿಕ್ಕು ಪ್ರಸನ್ನ ಅವರ ಆಫ್ ಬ್ರೇಕ್‌ನದು, ಕೈ ಚಂದ್ರಶೇಖರ್ ಅವರ ಗೂಗ್ಲಿಯದು. ಗೂಗ್ಲಿಯಲ್ಲಿ ಮುಂಗೈ ಒಳಕ್ಕೆ ಹೊರಳುತ್ತದಲ್ಲ, ಇಲ್ಲೂ ಹಾಗೇ. ಚೆಂಡು ಬಿಟ್ಟ ಮೇಲೆ ಅಂಗೈ ಮೂರನೇ ಬೇಸ್ ಕಡೆ, ಎಂದರೆ ಪಿಚರ್‌ನ ಬಲಕ್ಕೆ, ಮುಖ ಮಾಡಿ ಹೆಬ್ಬೆರಳು ಕೆಳಗಾಗಿರಬೇಕು. ಮಗನಿಗೆ ಇದು ಬಂದದ್ದೇ ಗೂಗ್ಲಿಯಿಂದ. ಒಂಬತ್ತನೇ ತರಗತಿಯನ್ನು ಅವನು ಮೈಸೂರಿನಲ್ಲಿ ಓದಿದ. ಆ ವರ್ಷ ಟೆನಿಸ್ ಬಾಲ್‌ನಲ್ಲಿ ಕಲಿತ ಕೈ ಅದು.

ಈ ಚೆಂಡನ್ನು ಎಸೆಯುವವರು ಈಗ ಬೆರಳೆಣಿಕೆಯಷ್ಟು. ಹಿಂದೆ ಹಾಗಿರಲಿಲ್ಲ. 1934ರ ಆಲ್-ಸ್ಟಾರ್ ಆಟದಲ್ಲಿ ಕಾರ್ಲ್ ಹಬೆಲ್ ರೂತ್, ಗೆರಿಗ್, ಫಾಕ್ಸ್, ಸಿಮನ್ಸ್, ಕ್ರೋನಿನ್ ಐವರನ್ನೂ ಸಾಲಾಗಿ ಸ್ಟ್ರೈಕ್ ಔಟ್ (ಚೆಂಡು ಹೊಡೆಯಲಾಗದೆ ಔಟ್) ಮಾಡಿದ್ದು ಇದೇ ಚೆಂಡಿನ ಬಲದಿಂದ. 1974ರಲ್ಲಿ ಮೈಕ್ ಮಾರ್ಷಲ್ ಒಂದೇ ಋತುವಿನಲ್ಲಿ 106 ಆಟ ಆಡಿ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. 1981ರಲ್ಲಿ ಫರ್ನಾಂಡೊ ವೆಲೆನ್ಜುವೆಲಾ ಹೊಸಬರ ಪ್ರಶಸ್ತಿ, ಸೈ ಯಂಗ್ ಎರಡನ್ನೂ ಒಂದೇ ವರ್ಷ ಪಡೆದರು. ಈಚಿನವರಲ್ಲಿ ಬ್ರೆಂಟ್ ಹನಿವೆಲ್ ಇದ್ದಾರೆ, ಅವರ ವಿಷಯ ಮುಂದೆ ಬರುತ್ತದೆ.

ಅಳೆಸುವ ದಿನ

ನಮ್ಮ ಊರಿನ ತರಬೇತಿ ಕೇಂದ್ರದಲ್ಲಿ ರ‍್ಯಾಪ್ಸೊಡೊ ಎಂಬ, ಚೆಂಡಿನ ವೇಗ, ಸುತ್ತು ಅಳೆಯುವ ಯಂತ್ರವಿದೆ. ಒಂದು ಸಲಕ್ಕೆ 75 ಡಾಲರ್. ಹತ್ತು ಚೆಂಡು ಕೈ ಕಾಯಿಸಲು, ಆಮೇಲೆ ಫಾಸ್ಟ್‌ಬಾಲ್ 12, ಚೇಂಜಪ್ (ಫಾಸ್ಟ್‌ಬಾಲ್‌ನಂತೆಯೇ ಎಸೆದು ನಿಧಾನ ಬರುವ ಚೆಂಡು) 8, ಸ್ಕ್ರೂಬಾಲ್ 10 ಎಂದು ಮೊದಲೇ ಹೇಳಿಟ್ಟಿದ್ದೆವು. ಎಣಿಕೆ ಹೇಳದೆ ಹೋದರೆ ಹುಡುಗರು ಪರದೆಯ ಮೇಲಿನ ಸಂಖ್ಯೆ ಏರಿಸುವ ಹುಮ್ಮಸ್ಸಿನಲ್ಲಿ ಅರುವತ್ತು, ಎಪ್ಪತ್ತು ಎಸೆದುಬಿಡುತ್ತಾರೆ.

ಅಂದು ಫಾಸ್ಟ್‌ಬಾಲ್ ಗಂಟೆಗೆ 78 ಮೈಲಿ, ಸ್ಕ್ರೂಬಾಲ್ 67 ಬಂತು. ಆದರೆ ವರದಿಯಲ್ಲಿ ಸ್ಕ್ರೂಬಾಲ್ ಅನ್ನುವ ಸಾಲೇ ಇರಲಿಲ್ಲ. ಹತ್ತರಲ್ಲಿ ಎಂಟನ್ನು ಚೇಂಜಪ್ ಎಂದೂ ಎರಡನ್ನು ಗುರುತು ಸಿಗದ ಚೆಂಡು ಎಂದೂ ಬರೆದಿತ್ತು. ಮನೆಗೆ ಬಂದು ಸರಾಸರಿ ನೋಡಿದರೆ ನಿಜವಾದ ಚೇಂಜಪ್‌ನ ಅಂಕಿಗಳೂ ಕೆಟ್ಟಿದ್ದವು, ಎರಡು ಜಾತಿ ಒಂದರಲ್ಲೇ ಬೆರೆತಿದ್ದವು. ನಿಮಗೂ ಹೀಗಾಗುತ್ತದೆ. ಪ್ರತಿ ಚೆಂಡಿನ ಹೆಸರನ್ನು ಎಸೆದ ಕೂಡಲೇ ಯಂತ್ರದಲ್ಲಿ ಕೈಯಾರೆ ಬದಲಿಸಿ ಎಂದು ಅಲ್ಲಿನವರಿಗೆ ಶುರುವಿನಲ್ಲೇ ಹೇಳಿ. ವರದಿಯ ಚಿತ್ರ ಮಾತ್ರ ಸಾಲದು, ಒಂದೊಂದು ಚೆಂಡಿನ ಸಾಲೂ ಇರುವ ಪೂರ್ತಿ ಪಟ್ಟಿಯನ್ನು ಇಳಿಸಿಕೊಳ್ಳಿ.

ನೋಡಬೇಕಾದ್ದು ಸುತ್ತಿನ ಸಂಖ್ಯೆಯನ್ನಲ್ಲ, ಸುತ್ತಿನ ದಿಕ್ಕನ್ನು. ಅದನ್ನು ಗಡಿಯಾರದ ಲೆಕ್ಕದಲ್ಲಿ ಕೊಡುತ್ತಾರೆ, ಪಿಚರ್ ಕಣ್ಣಿನಿಂದ ನೋಡಿದ ಹಾಗೆ. 12 ಗಂಟೆ ಎಂದರೆ ಪೂರ್ತಿ ಹಿಂಸುತ್ತು (ಬ್ಯಾಕ್‌ಸ್ಪಿನ್), 6 ಗಂಟೆ ಎಂದರೆ ಪೂರ್ತಿ ಮುಂಸುತ್ತು (ಟಾಪ್‌ಸ್ಪಿನ್). ಬಲಗೈಯವರ ಫಾಸ್ಟ್‌ಬಾಲ್ ಸುಮಾರು 1 ಗಂಟೆಯ ಬಳಿ, ಚೇಂಜಪ್ 2ರ ಬಳಿ, ಕರ್ವ್ 7ರ ಬಳಿ ಬೀಳುತ್ತದೆ. ಸ್ಕ್ರೂಬಾಲ್ 3 ದಾಟಬೇಕು. 3 ದಾಟಿದರೆ ಮಾತ್ರ ಪಕ್ಕಕ್ಕೆ ಸರಿಯುವುದರ ಜೊತೆ ಸ್ವಲ್ಪ ಮುಂಸುತ್ತೂ ಸೇರಿ ಚೆಂಡು ಕೆಳಗೆ ಮುಳುಗುತ್ತದೆ. ಮಗನದು 3:15 ಇತ್ತು. ಪಕ್ಕಕ್ಕೆ 16 ಇಂಚು. ಸುತ್ತೇ ಇಲ್ಲದ ಚೆಂಡು ಬೀಳುವುದಕ್ಕಿಂತ 3 ಇಂಚು ಹೆಚ್ಚು ಕೆಳಗೆ. ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಮುಂದೆ ಕೋಚ್‌ಗಳ ಜೊತೆ ನಡೆದ ಮಾತೆಲ್ಲ ಶುರುವಾದದ್ದು ಇವುಗಳಿಂದಲೇ.

ಅದೇ ದಿನ ಒಬ್ಬ ತರಬೇತುದಾರರು ಈ ಚೆಂಡನ್ನು ಬಿಟ್ಟು ಸ್ಲೈಡರ್ ಕಲಿಯಲಿ ಎಂದರು. ಎರಡು ವಾರ ಬಿಟ್ಟು ಇನ್ನೊಬ್ಬರು ಪಟ್ಟಿ ನೋಡಿ, ಇದು ಇರಲಿ, ಆದರೆ ಮೊದಲು ಫಾಸ್ಟ್‌ಬಾಲನ್ನು ಹೇಳಿದ ಕಡೆ ಹಾಕಲು ಬರಲಿ ಎಂದರು. ಎರಡನೆಯವರ ಮಾತು ಸರಿ ಎಂದು ಈಗ ಹೇಳಬಲ್ಲೆ. ಯುಎಸ್‌ಎ ಬೇಸ್‌ಬಾಲ್‌ನ ಪಿಚ್ ಸ್ಮಾರ್ಟ್ ಎಂಬ, ಎಳೆಯ ಪಿಚರ್‌ಗಳ ಕೈ ಕಾಯುವ ಸೂಚನೆಯೂ ಅದನ್ನೇ ಹೇಳುತ್ತದೆ: 12 ವರ್ಷದವರೆಗೆ ಫಾಸ್ಟ್‌ಬಾಲ್, ಚೇಂಜಪ್ ಎರಡೇ ಸಾಕು, ಅವು ಕೈಗೆ ಕೂತ ಮೇಲೆ 13–14ರ ಸುಮಾರಿಗೆ ತಿರುಗುವ ಚೆಂಡು.

ಹಿಡಿತ, ಬಿಡುವ ಬಗೆ, ತಪ್ಪುವ ಜಾಗಗಳು

ಬೇಸ್‌ಬಾಲ್ ತೂಕ 5ರಿಂದ 5¼ ಔನ್ಸ್, ಕ್ರಿಕೆಟ್ ಚೆಂಡಿಗಿಂತ ತುಸು ಹಗುರ, ಗಾತ್ರ ತುಸು ದೊಡ್ಡದು. ಹೊಲಿಗೆ ಕುದುರೆ ಲಾಳದ ಆಕಾರದಲ್ಲಿ ಸುತ್ತಿರುತ್ತದೆ. ನಡುಬೆರಳನ್ನು ಆ ಲಾಳದ ಒಳ ಅಂಚಿನ ಹೊಲಿಗೆಗೆ ಒತ್ತಿ ಇಡಬೇಕು. ತೋರುಬೆರಳು ಪಕ್ಕದಲ್ಲಿ ಸಡಿಲವಾಗಿ, ಉಂಗುರಬೆರಳು ಇನ್ನೊಂದು ಬದಿಯಲ್ಲಿ ಆಧಾರಕ್ಕೆ, ಹೆಬ್ಬೆರಳು ಕೆಳಗೆ. ಅಂಗೈಗೆ ಚೆಂಡು ಅಂಟಬಾರದು, ಒಂದು ಬೆರಳು ತೂರುವಷ್ಟು ಸಂದು ಇರಬೇಕು.

ತೋಳಿನ ವೇಗ ಫಾಸ್ಟ್‌ಬಾಲ್‌ನಷ್ಟೇ ಇರಬೇಕು. ಮುಂಗೈ ಹೊರಳುವುದು ಚೆಂಡು ಬಿಡುವ ಕೊನೆಯ ಗಳಿಗೆಯಲ್ಲಿ. ಮೊದಲೇ ಹೊರಳಿದರೆ ಬರೀ ಪಕ್ಕಸುತ್ತು ಆಗಿ ಚೆಂಡು ಎದೆಯ ಎತ್ತರದಲ್ಲಿ ತೇಲುತ್ತದೆ, ಅದು ಹೊಡೆಸಿಕೊಳ್ಳುವ ಚೆಂಡು. ತಡವಾಗಿ ಹೊರಳಿದರೆ ನಿಧಾನದ ನೇರ ಚೆಂಡು. ಇವೆರಡು ಅಭ್ಯಾಸದಲ್ಲಿ ಸರಿಹೋಗುತ್ತವೆ. ಮೂರನೆಯ ತಪ್ಪು ಅಪಾಯದ್ದು: ಹೆಚ್ಚು ತಿರುಗಿಸುವ ಆಸೆಗೆ ಮೊಣಕೈ ಭುಜದ ಗೆರೆಗಿಂತ ಕೆಳಗಿಳಿಯುತ್ತದೆ, ತೋಳು ಹಿಂದೆ ಉಳಿಯುತ್ತದೆ. ಇದು ಬರಿಗಣ್ಣಿಗೆ ಕಾಣುವುದಿಲ್ಲ. ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರದ ನಿಧಾನಗತಿ ಇದೆಯಲ್ಲ, ಅದರಲ್ಲಿ ಮೂರನೇ ಬೇಸ್ ಬದಿಯಿಂದ ಹಿಡಿದರೆ ಸಾಕು, ದುಬಾರಿ ಕ್ಯಾಮೆರಾ ಬೇಡ. ಭುಜದಿಂದ ಭುಜಕ್ಕೆ ಒಂದು ಗೆರೆ ಎಳೆದು ನೋಡಿ, ಮುಂಗಾಲು ನೆಲಕ್ಕೆ ತಾಗಿದ ಹೊತ್ತಿಗೆ ಮೊಣಕೈ ಆ ಗೆರೆಯ ಮೇಲಿರಬೇಕು.

ನಡುಬೆರಳ ತುದಿಯಲ್ಲಿ ನೀರುಗುಳ್ಳೆ ಏಳುತ್ತದೆ. ಮೊದಲ ಮೂರು ತಿಂಗಳು ಇದೇ ಗೋಳು. ಆಟದಲ್ಲಿ ಎಸೆಯುವ ಕೈಯ ಬೆರಳಿಗೆ ಪ್ಲಾಸ್ಟರ್, ಟೇಪು ಏನೂ ಅಂಟಿಸುವಂತಿಲ್ಲ, ಅಂಪೈರ್ ತೆಗೆಸುತ್ತಾರೆ. ಹಾಗಾಗಿ ಗುಳ್ಳೆ ಒಡೆಯದೆ, ಚರ್ಮ ಗಟ್ಟಿಯಾಗುವವರೆಗೆ ವಾರಕ್ಕೆ ಇಪ್ಪತ್ತು ಸ್ಕ್ರೂಬಾಲ್ ದಾಟದ ಹಾಗೆ ನೋಡಿಕೊಂಡೆವು. ಉಗುರನ್ನು ಕತ್ತರಿಸದೆ ಅರದಿಂದ ಸಮ ಮಾಡುವುದು ಒಳ್ಳೆಯದು.

ಕ್ಯಾಚರ್‌ಗೂ ಇದು ಹೊಸದು. ಬಲಗೈಯವನ ಸ್ಕ್ರೂಬಾಲ್ ಕ್ಯಾಚರ್‌ನ ಎಡಕ್ಕೆ, ಮೂರನೇ ಬೇಸ್ ಕಡೆಗೆ ಇಳಿಯುತ್ತದೆ. ಕರ್ವ್‌ಗೆ ಒಗ್ಗಿದ ಹುಡುಗರು ಬಲಕ್ಕೆ ವಾಲಿ ಕೂತಿರುತ್ತಾರೆ, ಚೆಂಡು ತಪ್ಪಿ ಹಿಂದಕ್ಕೆ ಹೋಗುತ್ತದೆ. ಆಟಕ್ಕೆ ಮುಂಚೆ ಅದೇ ಕ್ಯಾಚರ್ ಜೊತೆ ಕನಿಷ್ಠ ಎರಡು ಸಲ ಅಭ್ಯಾಸ ಆಗಲೇಬೇಕು.

2024ರ ಫೆಬ್ರವರಿಯಲ್ಲಿ ಶಾಲೆಯ ಋತುವಿನ ಮೊದಲ ಆಟ. ಯಾವ ಚೆಂಡು ಎಂದು ಕೋಚ್ ಡಗೌಟ್‌ನಿಂದ (ತಂಡ ಕೂರುವ ಜಾಗ) ಮೂರಂಕಿ ಕೂಗುತ್ತಾರೆ, ಪಿಚರ್ ತನ್ನ ಮುಂಗೈ ಪಟ್ಟಿಯ ಕಾರ್ಡಿನಲ್ಲಿ ನೋಡಿಕೊಳ್ಳುತ್ತಾನೆ. ಸಣ್ಣ ಚೌಕಗಳು, ಚೌಕದ ತುಂಬ ಇರುವೆಯಂಥ ಅಕ್ಷರಗಳು, ಮೇಲೆ ಬೆವರು ತಾಗದ ಪ್ಲಾಸ್ಟಿಕ್. ಬೇಲಿಯ ಹತ್ತಿರ ಬಂದು ಅದನ್ನು ತೋರಿಸಿ, "ಅಮ್ಮಾ, ನನ್ನ ಬಾಲ್‌ಗೆ ಇದ್ರಲ್ಲಿ ನಂಬರೇ ಇಲ್ಲ" ಎಂದ. ಎಂಟು ತಿಂಗಳು ಕಲಿತ ಚೆಂಡನ್ನು ಆ ದಿನ ಒಂದೂ ಎಸೆಯಲಿಲ್ಲ, ಏಕೆಂದರೆ ಯಾರೂ ಕೇಳಲಿಲ್ಲ. ಅಂದು ತುಂಬ ಸಂಕಟವಾಯಿತು. ಕಾರ್ಡು ಜನವರಿಯಲ್ಲೇ ಅಚ್ಚಾಗುತ್ತದೆ. ನಿಮ್ಮ ಮಗನ ಚೆಂಡು ವಿಚಿತ್ರದ್ದಾದರೆ ಡಿಸೆಂಬರ್‌ನಲ್ಲೇ ಅವನೇ ಹೋಗಿ ಕೋಚ್ ಹತ್ತಿರ ಕೇಳಿಕೊಳ್ಳಲಿ. ಅಪ್ಪ ಅಮ್ಮ ಕೇಳುವುದಕ್ಕಿಂತ ಅವನೇ ಕೇಳುವುದಕ್ಕೆ ಇಲ್ಲಿ ಬೆಲೆ ಹೆಚ್ಚು.

ಮೊಣಕೈ

ಏಪ್ರಿಲ್ 2024ರಲ್ಲಿ ಮೊಣಕೈ ಒಳಬದಿಯಲ್ಲಿ ನೋವು ಬಂತು. ಮಂಗಳವಾರ ಶಾಲೆಯ ತಂಡಕ್ಕೆ 71 ಚೆಂಡು, ಶನಿವಾರ ಟ್ರಾವೆಲ್ ತಂಡಕ್ಕೆ (ಶಾಲೆಯ ಹೊರಗಿನ ಖಾಸಗಿ ತಂಡ) 64, ನಡುವೆ ಬ್ಯಾಟಿಂಗ್ ಅಭ್ಯಾಸಕ್ಕೆಂದು ಇನ್ನೂ ನಲವತ್ತು. ಶಾಲೆಯವರ ಲೆಕ್ಕದಲ್ಲಿ ತಪ್ಪಿಲ್ಲ, ಟ್ರಾವೆಲ್‌ನವರ ಲೆಕ್ಕದಲ್ಲೂ ತಪ್ಪಿಲ್ಲ, ಎರಡನ್ನೂ ಕೂಡಿಸುವವರು ಇರಲಿಲ್ಲ. ಅದು ಮನೆಯವರ ಕೆಲಸ. ಅಂದಿನಿಂದ ಒಂದು ಪುಸ್ತಕ ಇಟ್ಟೆ: ತಾರೀಖು, ಎಲ್ಲಿ, ಒಟ್ಟು ಚೆಂಡು, ಅದರಲ್ಲಿ ಸ್ಕ್ರೂಬಾಲ್ ಎಷ್ಟು, ಮರುದಿನ ಬೆಳಗ್ಗೆ ಕೈ ಹೇಗಿದೆ. ಪಿಚ್ ಸ್ಮಾರ್ಟ್ ಲೆಕ್ಕದಲ್ಲಿ 15–16 ವಯಸ್ಸಿಗೆ ದಿನಕ್ಕೆ 95 ಮಿತಿ, 17–18ಕ್ಕೆ 105. 30ರವರೆಗೆ ಎಸೆದರೆ ಬಿಡುವು ಬೇಡ, 31–45ಕ್ಕೆ ಒಂದು ದಿನ, 46–60ಕ್ಕೆ ಎರಡು. 15–16ರವರಿಗೆ 76 ಮುಟ್ಟಿದರೆ, 17–18ರವರಿಗೆ 81 ಮುಟ್ಟಿದರೆ ನಾಲ್ಕು ದಿನ. ವರ್ಷದಲ್ಲಿ ನಾಲ್ಕು ತಿಂಗಳು ಪಿಚಿಂಗ್‌ಗೆ ರಜೆ, ಅದರಲ್ಲಿ ಎರಡು ಮೂರು ತಿಂಗಳಾದರೂ ಒಟ್ಟಿಗೆ. ಇದರ ಮೇಲೆ ನಮ್ಮದೇ ಒಂದು ಕಟ್ಟು: ಒಂದು ಆಟಕ್ಕೆ ಸ್ಕ್ರೂಬಾಲ್ ಹನ್ನೆರಡು ಮೀರಬಾರದು.

ಮೂಳೆ ವೈದ್ಯರ ದಿನ ಸಿಗಲು ಒಂಬತ್ತು ದಿನ, ಎಂಆರ್‌ಐಗೆ ವಿಮೆಯವರ ಒಪ್ಪಿಗೆ ಬರಲು ಇನ್ನೂ ಹತ್ತು. ಆ ಹತ್ತೊಂಬತ್ತು ದಿನ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಇಂಥ ಹೊತ್ತಿನಲ್ಲಿ ಹನಿವೆಲ್ ಅವರ ಕಥೆ ಓದಿದರೆ ಎದೆ ನಡುಗುತ್ತದೆ. ಅವರ ತಂದೆಯ ಸೋದರ ಸಂಬಂಧಿ ಮೈಕ್ ಮಾರ್ಷಲ್. ಸ್ಕ್ರೂಬಾಲ್ ಆ ಮನೆಯ ವಿದ್ಯೆ. ಟೆನೆಸೀಯ ವಾಲ್ಟರ್ಸ್ ಸ್ಟೇಟ್ ಎಂಬ ಎರಡು ವರ್ಷದ ಕಾಲೇಜಿನಿಂದ 2014ರ ಡ್ರಾಫ್ಟ್‌ನಲ್ಲಿ (ವೃತ್ತಿಪರ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವುದು) 72ನೆಯವರಾಗಿ ಟ್ಯಾಂಪಾ ಬೇ ರೇಸ್ ತಂಡ ಅವರನ್ನು ಆರಿಸಿಕೊಂಡಿತು. ಭರವಸೆಯ ಎಳೆಯರಿಗಾಗಿ ನಡೆಯುವ 2017ರ ಫ್ಯೂಚರ್ಸ್ ಗೇಮ್‌ನಲ್ಲಿ ಅತ್ಯುತ್ತಮ ಆಟಗಾರ. 2018ರ ಫೆಬ್ರವರಿಯಲ್ಲಿ ಮೊಣಕೈಯ ಅಸ್ಥಿರಜ್ಜು (ಮೂಳೆಗಳನ್ನು ಕಟ್ಟುವ ಲಿಗಮೆಂಟ್) ಹರಿಯಿತು, ಅದರ ಜಾಗಕ್ಕೆ ಬೇರೆ ರಜ್ಜು ಕಸಿ ಮಾಡುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ. 2019ರ ಜೂನ್‌ನಲ್ಲಿ ಅದೇ ಮೊಣಕೈಯ ಮೂಳೆ ಮುರಿಯಿತು. ಕೊನೆಗೆ 2021ರ ಏಪ್ರಿಲ್ 11ರಂದು ಯಾಂಕೀಸ್ ವಿರುದ್ಧ ಮೇಜರ್ ಲೀಗ್‌ನಲ್ಲಿ ಮೊದಲ ಸಲ ಎಸೆದು ಎರಡು ಇನಿಂಗ್ಸ್‌ನಲ್ಲಿ ಒಬ್ಬನನ್ನೂ ಬೇಸ್‌ಗೆ ಬಿಡಲಿಲ್ಲ. 2024ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಡಾಡ್ಜರ್ಸ್ ತಂಡದಲ್ಲಿದ್ದರು.

ಅವರ ಕೈಗೆ ಏಟಾದದ್ದು ಸ್ಕ್ರೂಬಾಲ್‌ನಿಂದಲೇ ಎಂದು ಜನ ಸಲೀಸಾಗಿ ಹೇಳುತ್ತಾರೆ. ಅದಕ್ಕೆ ಆಧಾರವಿಲ್ಲ. ಸ್ಕ್ರೂಬಾಲ್ ಕಂಡೇ ಇಲ್ಲದ ನೂರಾರು ಪಿಚರ್‌ಗಳು ಅದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ವ್ಯಾಯಾಮ ಶರೀರಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದ ಮಾರ್ಷಲ್ ಅಂತೂ ಮುಂಗೈ ಒಳಕ್ಕೆ ಹೊರಳುವುದೇ ಮೊಣಕೈಗೆ ರಕ್ಷೆ ಎಂದು ಕೊನೆಯವರೆಗೂ ವಾದಿಸಿದರು. ಇನ್ನೊಂದು ಕಡೆ, ವರ್ಷಾನುಗಟ್ಟಲೆ ಎಸೆದ ಹಬೆಲ್ ಅವರ ಎಡ ಅಂಗೈ ಹೊರಮುಖವಾಗಿಯೇ ತಿರುಗಿ ನಿಂತಿತ್ತು ಎನ್ನುವುದೂ ನಿಜ. ನಮ್ಮ ವೈದ್ಯರು ಹೇಳಿದ್ದು ಸರಳ: ಯಾವ ಚೆಂಡು ಅನ್ನುವುದಕ್ಕಿಂತ ಎಷ್ಟು, ಎಷ್ಟು ಜೋರಾಗಿ, ದಣಿದ ಮೇಲೂ ಎಸೆದನೇ ಅನ್ನುವುದು ಮುಖ್ಯ.

ಎಂಆರ್‌ಐನಲ್ಲಿ ಅಸ್ಥಿರಜ್ಜು ಸರಿಯಿತ್ತು, ಮುಂಗೈ ಹೊರಳಿಸುವ ಸ್ನಾಯು ಉಳುಕಿತ್ತು. ಕಣ್ಣಲ್ಲಿ ನೀರು ಬಂತು. ಆರು ವಾರ ಎಸೆಯುವಂತಿಲ್ಲ. ಆಮೇಲೆ ದಿನ ಬಿಟ್ಟು ದಿನ 45 ಅಡಿ, ನೋವಿಲ್ಲದಿದ್ದರೆ 60, 90, 120. ಒಂದು ಹಂತದಲ್ಲಿ ನೋವು ಕಂಡರೆ ಹಿಂದಿನ ಹಂತಕ್ಕೆ. ಅದು ಮುಗಿದ ಮೇಲೆ ದಿಬ್ಬದಿಂದ ಫಾಸ್ಟ್‌ಬಾಲ್, ಎರಡು ವಾರ ಬಿಟ್ಟು ಚೇಂಜಪ್, ಎಲ್ಲಕ್ಕಿಂತ ಕೊನೆಗೆ ಸ್ಕ್ರೂಬಾಲ್. ಎಂಆರ್‌ಐಗೆ ಕೈಯಿಂದ 1,140 ಡಾಲರ್ ಹೋಯಿತು. ವಿಮೆಯಲ್ಲಿ ನಾವೇ ತುಂಬಬೇಕಾದ ಮೊದಲ ಮೊತ್ತ ಎಷ್ಟೆಂದು ಜನವರಿಯಲ್ಲೇ ನೋಡಿಡಿ. ಆಸ್ಪತ್ರೆಯ ಎಂಆರ್‌ಐಗಿಂತ ಬರೀ ಸ್ಕ್ಯಾನ್ ಮಾಡುವ ಕೇಂದ್ರಗಳಲ್ಲಿ ಬೆಲೆ ಕಡಿಮೆ, ಮೊದಲೇ ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ.

ಕೋಚ್‌ಗಳ ಕಣ್ಣಿಗೆ ಬೀಳುವುದು

ಡಿವಿಜನ್ 1 (ಕಾಲೇಜು ಕ್ರೀಡೆಯ ಮೇಲಿನ ದರ್ಜೆ) ಕಾಲೇಜಿನ ಕೋಚ್‌ಗಳು ಹುಡುಗನ ಜೊತೆ ನೇರ ಮಾತಾಡಲು ಹನ್ನೊಂದನೇ ತರಗತಿಗೆ ಮುಂಚಿನ ಆಗಸ್ಟ್ 1ರಿಂದ ಅವಕಾಶ. ನಮಗದು 2024ರ ಆಗಸ್ಟ್. ಅಷ್ಟರೊಳಗೆ ವಿಡಿಯೊ ಸಿದ್ಧವಿರಬೇಕು. ಎರಡೂವರೆ ನಿಮಿಷ ಮೀರಬಾರದು. ಮೊದಲ ಚೌಕಟ್ಟಿನಲ್ಲಿ ಹೆಸರು, ಹೈಸ್ಕೂಲ್ ಮುಗಿಸುವ ವರ್ಷ, ಎತ್ತರ, ತೂಕ, ಅಂಕ. ಮೊದಲು ಫಾಸ್ಟ್‌ಬಾಲ್, ರೇಡಾರ್ ಸಂಖ್ಯೆ ಕಾಣುವಂತೆ. ಸ್ಕ್ರೂಬಾಲನ್ನು ಮೊದಲು ಹಾಕಿದ ನಮ್ಮ ಮೊದಲ ವಿಡಿಯೊಗೆ ಒಂದೂ ಉತ್ತರ ಬರಲಿಲ್ಲ. ವೇಗ ಎಷ್ಟೆಂದು ತಿಳಿಯದೆ ಯಾರೂ ಮುಂದೆ ನೋಡುವುದಿಲ್ಲ. ಇನ್ನೊಂದು: ಪಕ್ಕದಿಂದ ಹಿಡಿದರೆ ಪಕ್ಕಕ್ಕೆ ಬಾಗುವುದು ಕಾಣುವುದೇ ಇಲ್ಲ. ಪಿಚರ್ ಬೆನ್ನ ಹಿಂದಿನಿಂದ, ಸೆಂಟರ್ ಫೀಲ್ಡ್ ಕಡೆಯಿಂದ, ತುಸು ಎತ್ತರದಲ್ಲಿ ಹಿಡಿಯಬೇಕು.

ಕೋಚ್‌ಗಳ ಮುಂದೆ ಆಡಿ ತೋರಿಸುವ ಷೋಕೇಸ್‌ಗಳಿಗೆ ನಾಲ್ಕು ಸಲ ಹೋದೆವು, ಒಟ್ಟು 1,450 ಡಾಲರ್ ಪ್ರವೇಶ ಶುಲ್ಕ. ಸ್ಕ್ರೂಬಾಲ್‌ನ ನಿಜವಾದ ಬೆಲೆ ಎಡಗೈ ಬ್ಯಾಟರ್ ಎದುರು. ಪ್ಲೇಟಿನ ನಡುವೆ ಹೊರಟ ಚೆಂಡು ಅವನಿಂದ ದೂರ ಓಡುತ್ತದೆ. ಮೊದಲ ಷೋಕೇಸ್‌ನಲ್ಲಿ ಸಿಕ್ಕ ಆರು ಜನರೂ ಬಲಗೈಯವರು. ಒಬ್ಬನ ಪಾದಕ್ಕೆ ತಾಗಿತು, ಇನ್ನೊಬ್ಬ ಬಿಟ್ಟು ನಿಂತ. ಎರಡನೆಯದರಿಂದ ಮಗ ಮೊದಲೇ ಹೋಗಿ, ಸಾಧ್ಯವಾದರೆ ಎಡಗೈಯವರಿಗೆ ಎಸೆಯಲು ಬಿಡಿ ಎಂದು ಕೇಳಿಕೊಂಡ. ಕೇಳಿದರೆ ಬಿಡುತ್ತಾರೆ.

62 ಮಿಂಚಂಚೆ ಕಳಿಸಿದ್ದಕ್ಕೆ 11 ಉತ್ತರ ಬಂತು. 2025ರ ವಸಂತಕ್ಕೆ ಫಾಸ್ಟ್‌ಬಾಲ್ 86 ಮುಟ್ಟಿತು, ಸ್ಕ್ರೂಬಾಲ್ 74. ಡಿವಿಜನ್ 1ರ ಬಲಗೈಯವರಲ್ಲಿ 88ರಿಂದ 92 ಸಾಮಾನ್ಯ. ಎರಡು ಕಾಲೇಜಿನವರು ಆಸಕ್ತಿ ತೋರಿಸಿ ವಾರ ವಾರ ಮಾತಾಡುತ್ತಿದ್ದರು. 2025ರ ಜೂನ್ 6ರಂದು ಕಾಲೇಜು ಆಟಗಾರರಿಗೆ ಹಣ ಕೊಡುವ ವಿಷಯದ ಹೌಸ್ ಮೊಕದ್ದಮೆಯ ರಾಜಿಗೆ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಅದರಂತೆ ಒಪ್ಪಿಕೊಂಡ ಕಾಲೇಜುಗಳಲ್ಲಿ ಬೇಸ್‌ಬಾಲ್ ತಂಡಕ್ಕೆ 34 ಜನರ ಮಿತಿ. ಇಡೀ ತಂಡಕ್ಕೆ ಸೇರಿ 11.7 ಪೂರ್ಣ ವಿದ್ಯಾರ್ಥಿವೇತನ ಎಂಬ ಹಳೆಯ ಮಿತಿ ಹೋಯಿತು. ಹಣ ಕೊಡಬಹುದು, ಆದರೆ ಜಾಗ ಕಡಿಮೆ. ಎರಡು ವರ್ಷ ಕಾದು ಬೆಳೆಸಬಹುದಾದ ಹುಡುಗರಿಗೆ ಇದ್ದ ಜಾಗವೇ ಮೊದಲು ಹೋದದ್ದು. ಜುಲೈ ಹೊತ್ತಿಗೆ ಎರಡೂ ಕಡೆಯಿಂದ ಫೋನ್ ನಿಂತಿತು. ಇಲ್ಲ ಎಂದೂ ಹೇಳಲಿಲ್ಲ. ಉತ್ತರ ಬಾರದಿರುವುದೇ ಉತ್ತರ ಎಂದು ಹುಡುಗನಿಗೆ ಒಪ್ಪಿಸುವುದು ಬಹಳ ಕಷ್ಟವಾಯಿತು.

ಆಗ ಎರಡು ವರ್ಷದ ಕಾಲೇಜುಗಳ ಕಡೆ ನೋಡಿದೆವು, ಮೊದಲೇ ನೋಡಬೇಕಿತ್ತು. ಎನ್‌ಜೆಸಿಎಎ (ಎರಡು ವರ್ಷದ ಕಾಲೇಜುಗಳ ಕ್ರೀಡಾ ಸಂಘ) ಡಿವಿಜನ್ 1 ಕಾಲೇಜೊಂದು 24 ಬೇಸ್‌ಬಾಲ್ ವಿದ್ಯಾರ್ಥಿವೇತನ ಕೊಡಬಹುದು. ಅಲ್ಲಿ ಮೊದಲ ವರ್ಷವೇ ಆಡಲು ಸಿಗುವ ಸಾಧ್ಯತೆ ಹೆಚ್ಚು. ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಮೂರನೇ ವರ್ಷ ಮುಗಿಯುವ ತನಕ ಅಥವಾ 21 ತುಂಬುವ ತನಕ ಡ್ರಾಫ್ಟ್ ಇಲ್ಲ. ಎರಡು ವರ್ಷದ ಕಾಲೇಜಿನಲ್ಲಿ ಪ್ರತಿ ವರ್ಷವೂ ಅರ್ಹತೆ ಇದೆ. ಹನಿವೆಲ್ ಬಂದ ದಾರಿಯೂ ಇದೇ. ಡ್ರಾಫ್ಟ್ ಈಗ 20 ಸುತ್ತು ಮಾತ್ರ, ಹಿಂದೆ 40 ಇತ್ತು ಎನ್ನುವುದು ನೆನಪಿರಲಿ.

ಕಾಗದಪತ್ರ

ಎರಡು ವರ್ಷದ ಕಾಲೇಜಿಗೇ ಹೋದರೂ ಎನ್‌ಸಿಎಎ (ನಾಲ್ಕು ವರ್ಷದ ಕಾಲೇಜುಗಳ ಕ್ರೀಡಾ ಸಂಘ) ಅರ್ಹತಾ ಕೇಂದ್ರದಲ್ಲಿ ಹೈಸ್ಕೂಲ್ ಮುಗಿಯುವ ಮುಂಚೆ ಹೆಸರು ನೋಂದಾಯಿಸಿ. ಮುಂದೆ ಡಿವಿಜನ್ 1ಕ್ಕೆ ವರ್ಗವಾಗುವಾಗ ಹೈಸ್ಕೂಲಿನಿಂದಲೇ ಅರ್ಹನಾಗಿದ್ದನೇ ಎಂದು ಕೇಳುತ್ತಾರೆ, ಆಗಿದ್ದರೆ ಷರತ್ತು ಹಗುರ. ಬೇಕಾದ್ದು 16 ಮೂಲ ವಿಷಯಗಳು: ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು, ವಿಜ್ಞಾನ ಎರಡು, ಈ ಮೂರರಲ್ಲಿ ಇನ್ನೊಂದು, ಸಮಾಜ ವಿಜ್ಞಾನ ಎರಡು, ಬೇರೆ ನಾಲ್ಕು. ಇವುಗಳಲ್ಲಿ ಹತ್ತು ವಿಷಯ, ಹನ್ನೆರಡನೇ ತರಗತಿ ಶುರುವಾಗುವ ಮುಂಚೆಯೇ ಮುಗಿದಿರಬೇಕು, ಆ ಹತ್ತರಲ್ಲಿ ಏಳು ಇಂಗ್ಲಿಷ್, ಗಣಿತ, ವಿಜ್ಞಾನದವು. ಅಂಕಗಳ ಸರಾಸರಿ 4ಕ್ಕೆ 2.3. ಎಸ್‌ಎಟಿ ಪರೀಕ್ಷೆ ಈಗ ಬೇಡ.

ಒಂಬತ್ತನೇ ತರಗತಿಯಿಂದ ಮೇಲೆ ಒಂದು ವರ್ಷ ಭಾರತದಲ್ಲಿ ಓದಿದ್ದರೂ ಅಂತರರಾಷ್ಟ್ರೀಯ ವಿದ್ಯಾರ್ಥಿಯ ಲೆಕ್ಕ. ಶುಲ್ಕ ಹೆಚ್ಚು, ಪರಿಶೀಲನೆಗೆ ಸಮಯವೂ ಹೆಚ್ಚು. ಮೈಸೂರಿನ ಶಾಲೆಯಿಂದ ಮುದ್ರೆ ಹಾಕಿದ ಅಂಕಪಟ್ಟಿ ತರಿಸಲು ಐದು ವಾರ ಹಿಡಿಯಿತು, ನಾದಿನಿ ನಾಲ್ಕು ಸಲ ಅಲೆದಳು. ಅಂಕಪಟ್ಟಿ ಬಂದ ಮೇಲೆ ಹೆಸರಿನ ತೊಡಕು. ಶಾಲೆಯಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಅದರಿಂದಾಗಿ ವೀಸಾದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ ಎಂಬ ಗುರುತು), ಇಲ್ಲಿನ ಶಾಲೆಯಲ್ಲಿ ಅಪ್ಪನ ಹೆಸರೇ ಕೊನೆಯ ಹೆಸರು. ಒಬ್ಬನೇ ಹುಡುಗ, ನಾಲ್ಕು ಕಾಗದದಲ್ಲಿ ನಾಲ್ಕು ಬಗೆ. ನಾಲ್ಕು ಹೆಸರೂ ಒಬ್ಬನೇ ವ್ಯಕ್ತಿಯವು ಎಂದು ಛಾಪಾ ಕಾಗದದಲ್ಲಿ ನೋಟರಿ ಅಫಿಡವಿಟ್ ಮಾಡಿಸಿ ಕಳಿಸಿದ ಮೇಲೆ ದಾಟಿತು. ನಮ್ಮ ಕಡೆಯವರಿಗೆ ಈ ಇನಿಶಿಯಲ್ ತೊಡಕು ತಪ್ಪಿದ್ದಲ್ಲ. ಊರಿಗೆ ಹೋದಾಗ ಅಂಕಪಟ್ಟಿಯ ಮೂರು ಪ್ರತಿ, ಅಫಿಡವಿಟ್‌ನ ಎರಡು ಪ್ರತಿ ಮಾಡಿಸಿ ತಂದುಬಿಡಿ.

ವೀಸಾ ವಿಷಯ ಇನ್ನೂ ಸೂಕ್ಷ್ಮ. ಎಚ್-4ನಲ್ಲಿರುವ (ಕೆಲಸದ ವೀಸಾದವರ ಹೆಂಡತಿ ಅಥವಾ ಗಂಡ, ಮಕ್ಕಳ ವೀಸಾ) ಮಗ ಕಾಲೇಜಿನಲ್ಲಿ ಓದಬಹುದು, ತಂಡದಲ್ಲಿ ಆಡಬಹುದು. ಆದರೆ ದುಡಿಯುವಂತಿಲ್ಲ. ಹೆಸರು, ಚಿತ್ರ ಬಳಸಿದ್ದಕ್ಕೆ ಕೊಡುವ ಹಣ, ಕಾಲೇಜು ಈಗ ಆಟಗಾರರಿಗೆ ಹಂಚುವ ಪಾಲು ಇವೆಲ್ಲ ದುಡಿಮೆ ಎಂದಾದರೆ ಇಡೀ ಮನೆಯ ವೀಸಾಕ್ಕೆ ತೊಂದರೆ. ಕೋಚ್‌ಗಳಿಗೆ ಇದು ಗೊತ್ತಿರುವುದಿಲ್ಲ, ಉಳಿದ ಹುಡುಗರಿಗೆ ಕೊಟ್ಟ ಕಾಗದವನ್ನೇ ಕೊಡುತ್ತಾರೆ. ಸಹಿಗೆ ಮುಂಚೆ ವಲಸೆ ವಕೀಲರಿಗೆ ತೋರಿಸಿ. ಕೇಂದ್ರ ಸರ್ಕಾರದ ಶಿಕ್ಷಣ ನೆರವು ಎಚ್-4ಗೆ ಇಲ್ಲ. 21 ತುಂಬಿದ ದಿನ ಎಚ್-4 ಮುಗಿಯುತ್ತದೆ, ಅದಕ್ಕೆ ಒಂದು ವರ್ಷ ಮುಂಚೆಯೇ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಿಸುವ ಯೋಚನೆ ಬೇಕು. ಇಲ್ಲಿನ ಹೈಸ್ಕೂಲ್, ಕಾಲೇಜಿನಲ್ಲಿ ಓದುತ್ತಿರುವುದರಿಂದ ಡ್ರಾಫ್ಟ್‌ಗೆ ಪೌರತ್ವ ಅಡ್ಡಿಯಲ್ಲ. ಆರಿಸಿಕೊಂಡ ತಂಡ ಆಟಗಾರರ ಪಿ-1ಎ ವೀಸಾ ಮಾಡಿಸಬೇಕು, 2006ರಿಂದ ಮೈನರ್ ಲೀಗ್ (ಮೇಜರ್ ಲೀಗ್‌ನ ಕೆಳಗಿನ ಹಂತ) ಆಟಗಾರರಿಗೂ ಅದು ಸಿಗುತ್ತದೆ.

ಖರ್ಚು ಕೇಳುವವರಿಗೆ: ಟ್ರಾವೆಲ್ ತಂಡ ಎರಡು ಋತುವಿಗೆ 5,600, ಪಿಚಿಂಗ್ ಪಾಠ ನಲವತ್ತಕ್ಕೆ 2,400, ಆರು ಸಲ ಅಳೆಸಿದ್ದಕ್ಕೆ 450, ಎಂಆರ್‌ಐ ಮತ್ತು ಫಿಸಿಯೊ 1,620, ಷೋಕೇಸ್ 1,450, ಪ್ರಯಾಣ ವಸತಿ 1,900, ನೋಂದಣಿ, ಕೊರಿಯರ್ ಸೇರಿ ಸುಮಾರು 200. ಒಟ್ಟು 13,600 ಡಾಲರ್ ಹತ್ತಿರ. ಇದರಲ್ಲಿ ಎರಡು ಷೋಕೇಸ್ ಮತ್ತು ಅವುಗಳ ಹೋಟೆಲ್ ಖರ್ಚನ್ನು ಖಂಡಿತ ಉಳಿಸಬಹುದಿತ್ತು. ಪಾಠ ಮತ್ತು ಅಳತೆಗೆ ಕೊಟ್ಟದ್ದರಲ್ಲಿ ಒಂದು ಡಾಲರೂ ದಂಡವಾಗಲಿಲ್ಲ.

ಅಕ್ಟೋಬರ್‌ನಲ್ಲಿ ಕಾಲೇಜಿನ ಪಿಚಿಂಗ್ ಕೋಚ್ ಮಗನನ್ನು ದಿಬ್ಬದ ಮೇಲೆ ನಿಲ್ಲಿಸಿ 35 ಚೆಂಡು ಎಸೆಸಿದರು, ಅದರಲ್ಲಿ ಸ್ಕ್ರೂಬಾಲ್ ಒಂಬತ್ತು. ಎಡಗೈ ಬ್ಯಾಟರ್ ಒಬ್ಬನನ್ನು ಅವರೇ ಕರೆದು ನಿಲ್ಲಿಸಿದ್ದರು. ಆಮೇಲೆ ಅವರು ಕೇಳಿದ್ದು ವಿಡಿಯೊ ಅಲ್ಲ, ಎಣಿಕೆಯ ಪುಸ್ತಕ. ಒಂದೂವರೆ ವರ್ಷದ ಪುಟಗಳನ್ನು ನಿಂತೇ ತಿರುವಿ ನೋಡಿ, ಮರುದಿನ ಬೆಳಗಿನ ಕಾಲಂ ಮೇಲೆ ಬೆರಳಿಟ್ಟು ಎರಡು ಕಡೆ ಪ್ರಶ್ನೆ ಕೇಳಿದರು, ಪೂರ್ತಿ ಜೆರಾಕ್ಸ್ ಮಾಡಿಸಿಕೊಂಡರು. ಮೂರು ವಾರದ ಮೇಲೆ ಸಹಿ ಹಾಕುವ ಕಾಗದ ಬಂತು.

ಇನ್ನು ಉಳಿದಿರುವುದು 2026ರ ಜೂನ್‌ನಲ್ಲಿ ಕೊನೆಯ ಅಂಕಪಟ್ಟಿ ಕಳಿಸುವುದು, ಕಾಲೇಜಿನ ರೆಸಿಡೆನ್ಸಿ (ವಾಸಸ್ಥಳ ನೋಡಿ ಶುಲ್ಕ ಗೊತ್ತುಮಾಡುವ) ಕಚೇರಿಯಿಂದ ಶುಲ್ಕದ ದರ ಬರಹದಲ್ಲಿ ಪಡೆಯುವುದು, ದೇಹಪರೀಕ್ಷೆ, ಮತ್ತು ಮೆನಿಂಜೈಟಿಸ್ ಲಸಿಕೆ. ಟೆಕ್ಸಸ್ ಕಾಲೇಜುಗಳಲ್ಲಿ 22ರ ಒಳಗಿನವರಿಗೆ ಅದು ತರಗತಿ ಶುರುವಾಗುವ ಹತ್ತು ದಿನ ಮುಂಚೆ ಆಗಿರಲೇಬೇಕು. ಆ ಲಸಿಕೆಯನ್ನು ಎಸೆಯುವ ಕೈಗೆ ಹಾಕಿಸಬೇಡಿ.